ಸಂಬಳದ ಚೀಟಿ ನೋಡದೆ ವರ್ಕ್‌ಶಾಪ್ ಕಟ್ಟಿದ್ರೆ: ಅರಬ್ ದೇಶಗಳ ಕೈಗಾರಿಕಾ ಶಿಕ್ಷಣದ ಕಥೆ

"ಅರಬ್ಬರು ಕೈಕೆಲಸ ಮಾಡೋ ಜನ ಅಲ್ಲ ಮಾರಾಯ್ರೆ, ಎಸಿ ರೂಮು, ಮೇಜು, ಒಂದು ಲೋಟ ಖಾವಾ ಇದ್ರೆ ಆಯ್ತು, ಅಲ್ಲಿ ಎಷ್ಟು ಐಟಿಐ ಕಟ್ಟಿದ್ರೂ ಅಷ್ಟೇ." ಈ ಮಾತು ನೀವೆಲ್ಲ ಕೇಳಿರ್ತೀರಿ. ಉಡುಪಿ, ಮಂಗಳೂರು, ಭಟ್ಕಳ ಕಡೆ ಗಲ್ಫಿಗೆ ಹೋಗಿ ಬಂದವರಿರೋ ಯಾವ ಮನೆ ಜಗಲೀಲಿ ಕೂತ್ರೂ ಚಹಾ ಮುಗಿಯೋದ್ರೊಳಗೆ ಇದು ಬಂದೇ ಬರುತ್ತೆ. ನಾನೂ ಅಲ್ಲಿ ಒಂದು ಟ್ರೈನಿಂಗ್ ಸೆಂಟರಲ್ಲಿ ಅಲ್ಲಿನ ಹುಡುಗರಿಗೆ ಫಿಟ್ಟಿಂಗ್, ಲೇತು ಕಲಿಸಿದೋನೇ, ಹಾಗಾಗಿ ಈ ಮಾತು ಯಾಕೆ ಹುಟ್ಟುತ್ತೆ ಅಂತ ನಂಗೆ ಗೊತ್ತು. ಆದ್ರೆ ಇದು ಸುಳ್ಳು. ಬೆಳಗ್ಗೆ ಏಳಕ್ಕೆ ಬಂದು ವೈಸಿಗೆ ಕಬ್ಬಿಣ ಕಚ್ಚಿಸಿ ಅರ ಉಜ್ಜೋದಕ್ಕೆ ಶುರು ಮಾಡಿದ್ರೆ ಊಟದ ಹೊತ್ತಿನವರೆಗೂ ತಲೆ ಎತ್ತದೆ ಇದ್ದ ಹುಡುಗರನ್ನ ನೋಡಿದೀನಿ, ಅದೇ ಹುಡುಗರು ಕೋರ್ಸ್ ಮುಗಿದ ಮೇಲೆ ಫಿಟ್ಟರ್ ಕೆಲಸಕ್ಕೆ ಹೋಗ್ದೆ ಮುನಿಸಿಪಾಲಿಟೀಲಿ ಗುಮಾಸ್ತರಾಗಿದ್ದನ್ನೂ ನೋಡಿದೀನಿ. ಯಾಕೆ ಅಂತ ಕೇಳಿದ್ರೆ ಉತ್ತರ ಅವರ ಧರ್ಮದಲ್ಲೂ ಇಲ್ಲ, ರಕ್ತದಲ್ಲೂ ಇಲ್ಲ. ಎರಡು ಕೆಲಸದ ಸಂಬಳದ ಚೀಟಿ ಪಕ್ಕಪಕ್ಕ ಇಟ್ಟು ನೋಡಿದ್ರೆ ಸಾಕು. ಇವತ್ತು ನಾನು ಹೇಳೋದೆಲ್ಲ ಇದರ ಸುತ್ತಲೇ.

ಮೊದಲು ಧರ್ಮದ ವಿಚಾರ ಮುಗಿಸಿಬಿಡೋಣ, ಯಾಕಂದ್ರೆ ಯಾರಾದ್ರೂ ಕೇಳೇ ಕೇಳ್ತೀರಿ. ದಾವೂದ್ ಪ್ರವಾದಿಗೆ ಕಬ್ಬಿಣ ಮೆತ್ತಗಾಗೋ ಹಾಗೆ ಮಾಡಿ ಕವಚ ಮಾಡೋ ವಿದ್ಯೆ ಕಲಿಸಿದ್ದು ಅಂತ ಕುರ್‌ಆನಲ್ಲೇ ಇದೆ. ಝಕರಿಯಾ ಪ್ರವಾದಿ ಬಡಗಿ ಆಗಿದ್ರು ಅಂತ ಹದೀಸ್, ಅಂದ್ರೆ ಪ್ರವಾದಿ ಮುಹಮ್ಮದರ ಮಾತು, ಇದೆ. ಸ್ವಂತ ಕೈಯಲ್ಲಿ ದುಡಿದ ಅನ್ನಕ್ಕಿಂತ ಒಳ್ಳೇ ಅನ್ನ ಇಲ್ಲ ಅನ್ನೋ ಅರ್ಥದ ಹದೀಸೂ ಇದೆ. ಪುಸ್ತಕದಲ್ಲಿ ಇರೋದು ಬೇರೆ, ಬೀದೀಲಿ ಇರೋದು ಬೇರೆ ಅಂತೀರಾ, ಸರಿ, ಬೀದಿಗೇ ಹೋಗೋಣ. ಮೊರಾಕೋದ ಫೆಸ್ ಊರಲ್ಲಿ ಕರವಿಯ್ಯೀನ್ ಅಂತ ಸಾವಿರ ವರ್ಷಕ್ಕೂ ಹಳೇ ಮಸೀದಿ, ವಿದ್ಯಾಪೀಠ ಇದೆ. ಅದರ ಲೈಬ್ರರಿ ಗೋಡೆಗೆ ಒತ್ತಿಕೊಂಡೇ ಸೆಫ್ಫಾರೀನ್ ಅನ್ನೋ ತಾಮ್ರದ ಕೆಲಸದವರ ಚೌಕ ಇದೆ, ದಿನವಿಡೀ ಟಣ್ ಟಣ್ ಅಂತ ಹಂಡೆ ಬಡೀತಾ ಇರ್ತಾರೆ. ಅಲ್ಲಿ ಕುಶಲಕರ್ಮಿಗಳ ಯಜಮಾನನಿಗೆ ಮಾಲೆಮ್ ಅಂತ ಕರೀತಾರೆ, ಭಾರೀ ಮರ್ಯಾದೆ. ಚಿಕ್ಕ ವಯಸ್ಸಲ್ಲಿ ಸೇರಿಕೊಂಡ ಹುಡುಗ ಬಣ್ಣದ ಹಂಚನ್ನ ಚೂಪು ಸುತ್ತಿಗೇಲಿ ನಕ್ಷತ್ರದ ಆಕಾರಕ್ಕೆ ಕತ್ತರಿಸೋದನ್ನ ವರ್ಷಗಟ್ಟಲೆ ಕಲೀತಾನೆ. ಇದು ಕೈಕೆಲಸ ತಿರಸ್ಕಾರ ಮಾಡೋ ಸಮಾಜ ಅನ್ನಿಸುತ್ತಾ ನಿಮಗೆ?

ಹಾಗಂತ ಎಲ್ಲಾ ಕಡೆ ಹೀಗೇ ಅಂತಲೂ ಅಲ್ಲ. ನಜ್ದ್ ಕಡೆ, ಅಂದ್ರೆ ಸೌದಿಯ ನಟ್ಟನಡುವಿನ ಪ್ರದೇಶದಲ್ಲಿ, ಬುಡಕಟ್ಟಿನ ಮನೆತನದವರು ಕಮ್ಮಾರರ ಮನೆಗೆ ಹೆಣ್ಣು ಕೊಡ್ತಿರಲಿಲ್ಲ, ಆ ಸಂಕೋಚ ಇನ್ನೂ ಪೂರ್ತಿ ಹೋಗಿಲ್ಲ. ಜಾತಿ ಕೇಳಿ ಮನೆ ಬಾಡಿಗೆಗೆ ಕೊಡೋ ಊರಲ್ಲಿ ನಿಂತು ನಾವು ಇದಕ್ಕೆ ಮೂಗು ಮುರಿಯೋದು ಬೇಡ, ಮುಂದೆ ಹೋಗೋಣ.

ಈ ವಿಷಯದಲ್ಲಿ ನಂಗೆ ತುಂಬಾ ಹಿಡಿಸಿದ ಮನುಷ್ಯ ಇತಿಹಾಸಕಾರ ಇಬ್ನ್ ಖಲ್ದೂನ್. 1332ರಲ್ಲಿ ಟ್ಯುನಿಸ್‌ನಲ್ಲಿ ಹುಟ್ಟಿ 1406ರಲ್ಲಿ ಕೈರೋದಲ್ಲಿ ತೀರಿಹೋದೋನು. ಅವನ ಮುಕದ್ದಿಮಾ ಅನ್ನೋ ಪುಸ್ತಕದಲ್ಲಿ ಕಸುಬುಗಳ ಬಗ್ಗೆ ಒಂದು ದೊಡ್ಡ ಭಾಗವೇ ಇದೆ, ರೈತ, ಬಡಗಿ, ನೇಕಾರ, ಸೂಲಗಿತ್ತಿ ಎಲ್ಲರೂ ಬರ್ತಾರೆ. ಅವನ ವಾದ ಏನಂದ್ರೆ ಕಸುಬು ಗುರುವಿನ ಹತ್ರ ಮಾಡಿ ಮಾಡಿ ಮೈಗೆ ಹತ್ತಬೇಕು, ಮತ್ತೆ ಕಸುಬು ಬೆಳೆಯೋದು ಅದಕ್ಕೆ ಗಿರಾಕಿ ಇರೋ ಶಹರದಲ್ಲಿ, ಗಿರಾಕಿ ಹೋದ್ರೆ ಕಸುಬುದಾರನೂ ಹೋಗ್ತಾನೆ. ಆರು ನೂರು ವರ್ಷದ ಹಿಂದೆ. ಇವತ್ತು ವಿಶ್ವಬ್ಯಾಂಕಿನವರು ಬಣ್ಣಬಣ್ಣದ ಸ್ಲೈಡ್ ಹಾಕಿ ಡಿಮ್ಯಾಂಡ್ ಡ್ರಿವನ್ ಟ್ರೈನಿಂಗ್ ಅಂತ ಹೇಳೋದೂ ಇದನ್ನೇ, ಅವರಿಗೆ ಫೀಸು ಜಾಸ್ತಿ ಅಷ್ಟೇ.

ಈಗ ಈಜಿಪ್ಟಿಗೆ ಬನ್ನಿ. ಅರಬ್ ಜಗತ್ತಲ್ಲಿ ಹೊಸ ಕಾಲದ ತಾಂತ್ರಿಕ ಶಿಕ್ಷಣ ಶುರುವಾಗಿದ್ದೇ ಇಲ್ಲಿ, ಮುಹಮ್ಮದ್ ಅಲಿ ಪಾಶಾ ಕಾಲದಲ್ಲಿ. 1805ರಲ್ಲಿ ಅಧಿಕಾರಕ್ಕೆ ಬಂದ ಈತನಿಗೆ ಒಂದೇ ಹುಚ್ಚು, ಯುರೋಪಿನಂಥ ಸೈನ್ಯ ಬೇಕು. ಸೈನ್ಯಕ್ಕೆ ಬಟ್ಟೆ, ಬಂದೂಕು, ಹಡಗು ಬೇಕು, ಅದಕ್ಕೆ ಕಾರ್ಖಾನೆ ಬೇಕು, ಕಾರ್ಖಾನೆಗೆ ಗೊತ್ತಿರೋರು ಬೇಕು. 1815ರಲ್ಲೇ ನಿಕೂಲಾ ಮಸಾಬ್ಕಿ ಅನ್ನೋರನ್ನ ಪ್ರಿಂಟಿಂಗ್ ಕಲಿಯೋಕೆ ಇಟಲಿಯ ಮಿಲಾನ್‌ಗೆ ಕಳಿಸಿದ, ಆಮೇಲೆ ಕೈರೋದ ಬುಲಾಕ್‌ನಲ್ಲಿ ಸರ್ಕಾರಿ ಪ್ರೆಸ್ ಬಂತು. 1826ರಲ್ಲಿ ನಲವತ್ತಕ್ಕೂ ಹೆಚ್ಚು ಜನ ವಿದ್ಯಾರ್ಥಿಗಳನ್ನ ಪ್ಯಾರಿಸ್ಸಿಗೆ ಕಳಿಸಿದ. ಇವರ ಜೊತೆ ನಮಾಜ್ ಮಾಡಿಸೋಕೆ ಅಂತ ಕೈರೋದ ಧಾರ್ಮಿಕ ವಿದ್ಯಾಪೀಠ ಅಲ್‌ಅಝ್ಹರಿನ ಒಬ್ಬ ಯುವಕ ಇಮಾಮ್ ಹೋದ್ರು, ರಿಫಾಅ ಅಲ್‌ತಹ್ತಾವಿ. ಮಜಾ ಏನಂದ್ರೆ ಕಲಿಯೋಕೆ ಅಂತ ಹೋದವರಿಗಿಂತ ಇವರೇ ಫ್ರೆಂಚ್ ಚೆನ್ನಾಗಿ ಕಲಿತು ವಾಪಸ್ ಬಂದು ಅನುವಾದದ ದೊಡ್ಡ ಕೆಲಸ ಶುರು ಮಾಡಿದ್ರು, 1835ರಲ್ಲಿ ಭಾಷೆಗಳ ಶಾಲೆ ಬಂತು. 1827ರಲ್ಲಿ ಮೆಡಿಕಲ್ ಸ್ಕೂಲ್, 1834ರಲ್ಲಿ ಬುಲಾಕ್‌ನಲ್ಲಿ ಇಂಜಿನಿಯರಿಂಗ್ ಸ್ಕೂಲ್. ಮೆಡಿಕಲ್ ಸ್ಕೂಲಿನ ಪಾಠ ಹೇಗೆ ನಡೀತಿತ್ತು ಗೊತ್ತಾ, ಮೇಷ್ಟ್ರು ಫ್ರೆಂಚಲ್ಲೋ ಇಟಾಲಿಯನ್ನಲ್ಲೋ ಹೇಳ್ತಾರೆ, ಪಕ್ಕದಲ್ಲಿ ನಿಂತ ದುಭಾಷಿ ಅರಬ್ಬಿಗೆ ಹೇಳ್ತಾನೆ, ಹುಡುಗರು ಬರ್ಕೋತಾರೆ. ಕ್ಲಾಸಲ್ಲಿ ಎಷ್ಟು ಹೊತ್ತು ಹಿಡೀತಿತ್ತೋ ದೇವರೇ ಬಲ್ಲ. ಆದ್ರೂ ಡಾಕ್ಟರುಗಳು ತಯಾರಾದ್ರು.

ಶಾಲೆ ಸೇರಿದೋರಿಗೆ ಊಟ, ಬಟ್ಟೆ, ಕೈಗೆ ಭತ್ಯೆ ಎಲ್ಲಾ ಇತ್ತು. ಆದ್ರೆ ಇದೆಲ್ಲ ನಿಂತಿದ್ದು ಒಬ್ಬನೇ ಗಿರಾಕಿ ಮೇಲೆ, ಪಾಶಾನ ಸೈನ್ಯ. ಹಳ್ಳಿ ಜನಕ್ಕೆ ಆ ಸೈನ್ಯ ಅಂದ್ರೆ ಯಮ, ಬಲವಂತದ ಭರ್ತಿ ತಪ್ಪಿಸ್ಕೊಳ್ಳೋಕೆ ಬೆರಳು ಕತ್ತರಿಸ್ಕೊಂಡೋರು, ಒಂದು ಕಣ್ಣು ಕಳ್ಕೊಂಡೋರು ಇದ್ರು. ಆಮೇಲೆ 1838ರಲ್ಲಿ ಬ್ರಿಟಿಷರು, ಈಜಿಪ್ಟಿಗೆ ಹೆಸರಿಗೆ ದೊರೆಯಾಗಿದ್ದ ತುರ್ಕಿಯ ಆಟೊಮನ್ ಸುಲ್ತಾನನ ಜೊತೆ ವ್ಯಾಪಾರ ಒಪ್ಪಂದ ಮಾಡಿ ಸರ್ಕಾರಿ ಏಕಸ್ವಾಮ್ಯ ತೆಗೆಸಿದ್ರು, 1841ಕ್ಕೆ ಸೈನ್ಯ 18,000 ದಾಟಬಾರದು ಅಂತ ಕಟ್ಟು ಹಾಕಿದ್ರು. ಒಬ್ಬನೇ ಗಿರಾಕಿ, ಅವನೂ ಹೋದ. ಬಟ್ಟೆ ಗಿರಣಿಗಳು ತುಕ್ಕು ಹಿಡಿದ್ವು, ಶಾಲೆಗಳು ಒಂದೊಂದಾಗಿ ಮುಚ್ಚಿದ್ವು, ಮುಂದೆ ಬಂದ ಅಬ್ಬಾಸ್ ಕಾಲದಲ್ಲಿ ತಹ್ತಾವಿಯಂಥೋರನ್ನೇ ಸುಡಾನಿನ ಖಾರ್ತೂಮ್‌ಗೆ ಪ್ರೈಮರಿ ಸ್ಕೂಲ್ ನೋಡ್ಕೊಳ್ಳೋಕೆ ಕಳಿಸಿಬಿಟ್ರು. ಇವತ್ತಿನ ಭಾಷೇಲಿ ಹೇಳೋದಾದ್ರೆ ಟ್ರಾನ್ಸ್‌ಫರ್. ಅದೇ ಮೆಡಿಕಲ್ ಸ್ಕೂಲೂ ಪ್ರೆಸ್ಸೂ ಬಿದ್ದು ಎದ್ದು ಉಳ್ಕೊಂಡ್ವು. ಕಾಯಿಲೆ ಮತ್ತೆ ಪುಸ್ತಕ ಎರಡಕ್ಕೂ ಸೈನ್ಯದ ಹೊರಗೂ ಗಿರಾಕಿ ಇದ್ರು ಅಂತ ನನ್ನ ಲೆಕ್ಕ.

ಆಟೊಮನ್ನರ ಕಡೆ ಮಿದ್ಹತ್ ಪಾಶಾ ಅಂತ ಒಬ್ಬ ಆಡಳಿತಗಾರ ಇದ್ದ, ಬಾಲ್ಕನ್ ಪ್ರಾಂತ್ಯಗಳಲ್ಲಿ ಅನಾಥ ಮಕ್ಕಳಿಗೆ ಕಸುಬು ಕಲಿಸೋ ಶಾಲೆ ಮಾಡಿದೋನು, 1869ರಲ್ಲಿ ಬಾಗ್ದಾದಿಗೆ ಗವರ್ನರ್ ಆಗಿ ಬಂದಾಗ ಅಲ್ಲೂ ಇಂಥದ್ದೇ ಒಂದು ಕೈಗಾರಿಕಾ ಶಾಲೆ ತೆರೆದ. ಇದು ಒಳ್ಳೇ ಕೆಲಸವೇ. ಆದ್ರೆ ಗಮನಿಸಿ, ಕಸುಬಿನ ಶಾಲೆ ಅಂದ್ರೆ ಅನಾಥರಿಗೆ, ಬಡವರಿಗೆ, ಬೇರೆ ಗತಿ ಇಲ್ಲದೋರಿಗೆ ಅನ್ನೋ ಮುದ್ರೆ ಅಲ್ಲೇ ಬಿತ್ತು. ಜೆರುಸಲೆಮ್‌ನಲ್ಲಿ 1860ರಲ್ಲಿ ಜರ್ಮನ್ ಮಿಷನರಿ ಶ್ನೆಲ್ಲರ್ ಶುರು ಮಾಡಿದ ಅನಾಥಾಲಯದ ಕಥೆಯೂ ಅದೇ, ಬಡಗಿ, ಮುದ್ರಣ, ಕಮ್ಮಾರಿಕೆ ಎಲ್ಲಾ ಕಲಿಸ್ತಿದ್ರು. ಮಂಗಳೂರಿನೋರಿಗೆ ಇದು ಹೊಸದೇನಲ್ಲ, ಬಾಸೆಲ್ ಮಿಷನ್ನಿನ ಹೆಂಚಿನ ಕಾರ್ಖಾನೆ, ನೇಯ್ಗೆ, ಪ್ರೆಸ್ಸು ಇವನ್ನೆಲ್ಲ ನಮ್ಮ ಊರೂ ನೋಡಿದೆ.

ಇಪ್ಪತ್ತನೇ ಶತಮಾನದ ಈಜಿಪ್ಟ್‌ನಲ್ಲಿ ಒಂದು ಘಟನೆ ಹೇಳ್ಲೇಬೇಕು. 1956ರ ಜುಲೈ 26ಕ್ಕೆ ಈಜಿಪ್ಟ್ ಅಧ್ಯಕ್ಷ ನಾಸಿರ್ ಸುಯೆಜ್ ಕಾಲುವೆ ರಾಷ್ಟ್ರೀಕರಣ ಮಾಡಿದ್ರು. ಆ ಕಾಲುವೇಲಿ ಹಡಗು ನಡೆಸೋಕೆ ಪೈಲಟ್‌ಗಳು ಬೇಕು, ಹೆಚ್ಚಿನೋರು ಬ್ರಿಟಿಷರು, ಫ್ರೆಂಚರು. ಸೆಪ್ಟೆಂಬರ್ ಮಧ್ಯದಲ್ಲಿ ಅವರೆಲ್ಲ ಒಟ್ಟಿಗೆ ಕೆಲಸ ಬಿಟ್ಟು ಹೋದ್ರು, ಇವರ ಕೈಲಿ ಆಗಲ್ಲ, ಕಾಲುವೆ ಕಟ್ಟಿಕೊಳ್ಳುತ್ತೆ ಅಂತ ಲಂಡನ್, ಪ್ಯಾರಿಸ್ ಎರಡೂ ಕಾಯ್ತಾ ಕೂತ್ವು. ಈಜಿಪ್ಟಿನೋರು, ಉಳ್ಕೊಂಡ ಗ್ರೀಕ್ ಪೈಲಟ್‌ಗಳು, ಹೊಸದಾಗಿ ತಂದೋರು ಸೇರಿ ಹಗಲು ರಾತ್ರಿ ಹಡಗು ದಾಟಿಸಿದ್ರು. ಪೈಲಟ್‌ಗಳು ಬಿಟ್ಟು ಹೋದ್ರು ಅಂತ ಕಾಲುವೆ ನಿಲ್ಲಲಿಲ್ಲ. ಇವರಿಂದ ಆಗಲ್ಲ ಅನ್ನೋ ಮಾತು ಯಾರ ಬಾಯಿಂದ ಯಾವಾಗ ಬರುತ್ತೆ ಅಂತ ನೋಡ್ಕೊಂಡು ನಂಬಬೇಕು.

ಆದ್ರೆ ಅದೇ ನಾಸಿರ್ ಸರ್ಕಾರ 1960ರ ದಶಕದಲ್ಲಿ ಒಂದು ಕಾನೂನು ಮಾಡ್ತು. ಯೂನಿವರ್ಸಿಟಿ ಮುಗಿಸಿದೋರಿಗೆ ಮಾತ್ರ ಅಲ್ಲ, ತಾಂತ್ರಿಕ ಸೆಕೆಂಡರಿ ಮುಗಿಸಿದೋರಿಗೂ ಸರ್ಕಾರಿ ಕೆಲಸ ಗ್ಯಾರಂಟಿ. ಕೇಳೋಕೆ ಎಷ್ಟು ಚೆನ್ನಾಗಿದೆ ಅಲ್ವಾ! ಬಡವರ ಮಕ್ಕಳು ಲಕ್ಷಗಟ್ಟಲೆ ಶಾಲೆಗೆ ಬಂದ್ರು, ಅದು ನಿಜವಾಗ್ಲೂ ಸಣ್ಣ ಸಾಧನೆ ಅಲ್ಲ. ಆದ್ರೆ ಪರಿಣಾಮ ನೋಡಿ. ಲೇತ್ ಕಲಿತ ಹುಡುಗನಿಗೆ ಲೇತ್ ಗೊತ್ತಿದೆಯಾ ಇಲ್ವಾ ಅಂತ ಯಾರೂ ಕೇಳಲ್ಲ, ಡಿಪ್ಲೊಮಾ ಕಾಗದ ಇದ್ರೆ ಆಯ್ತು, ಯಾವುದಾದ್ರೂ ಇಲಾಖೇಲಿ ಒಂದು ಕುರ್ಚಿ. ಹಾಗಿರುವಾಗ ಶಾಲೆಯೋರು ಕಲಿಸಿದ್ರೇನು ಬಿಟ್ರೇನು? ಬರ್ತಾ ಬರ್ತಾ ಸರ್ಕಾರದ ಹತ್ರ ಕುರ್ಚಿ ಖಾಲಿ ಇಲ್ಲ, ಕ್ಯೂ ಉದ್ದ ಆಯ್ತು, ಹತ್ತು ವರ್ಷದ ಹತ್ತಿರ ಕಾಯೋ ಪರಿಸ್ಥಿತಿ ಬಂತು. ಗ್ಯಾರಂಟಿ ಆಮೇಲೆ ಸತ್ತೇ ಹೋಯ್ತು, ಕಾಗದದ ಆಸೆ ಮಾತ್ರ ಉಳೀತು.

ಇದರ ಮೇಲೆ ಮಾರ್ಕ್ಸಿನ ಜರಡಿ. ನಮ್ಮ ಎಸ್ಸೆಸ್ಸೆಲ್ಸಿಗೆ ಸ್ವಲ್ಪ ಮುಂಚೆ ಅಂತ ಇಟ್ಕೊಳ್ಳಿ, ಒಂಬತ್ತನೇ ವರ್ಷದ ಕೊನೇಲಿ ಅಲ್ಲಿ ಒಂದು ಪರೀಕ್ಷೆ ಇದೆ. ಅದರಲ್ಲಿ ಮಾರ್ಕ್ಸ್ ಬಂದೋರು ಜನರಲ್ ಸೆಕೆಂಡರಿಗೆ, ಅಲ್ಲಿಂದ ಸಾನವಿಯ್ಯ ಆಮ್ಮಾ ಅನ್ನೋ ಪರೀಕ್ಷೆ ಬರೆದು ಯೂನಿವರ್ಸಿಟಿಗೆ. ಮಾರ್ಕ್ಸ್ ಬರದೋರು ತಾಂತ್ರಿಕ ಶಾಲೆಗೆ. ಸೆಕೆಂಡರಿಗೆ ಬರೋ ಹುಡುಗ ಹುಡುಗೀರಲ್ಲಿ ಅರ್ಧದಷ್ಟು ಜನ ಹೀಗೆ ತಾಂತ್ರಿಕ ಕಡೆಗೆ ಹೋಗ್ತಾರೆ. ಅಲ್ಲಿಂದ ಯೂನಿವರ್ಸಿಟಿಗೆ ಹತ್ತೋರು ಬೆರಳೆಣಿಕೆ. ಒಂದು ದೇಶ ತನ್ನ ಅರ್ಧ ಮಕ್ಕಳಿಗೆ ಹದಿನೈದನೇ ವಯಸ್ಸಲ್ಲೇ ನೀವು ಫೇಲಾದೋರು ಅಂತ ಹೇಳಿ ಆಮೇಲೆ ಅವರ ಕೈಗೆ ಸ್ಪ್ಯಾನರ್ ಕೊಟ್ರೆ ಆ ಸ್ಪ್ಯಾನರಿಗೆ ಏನು ಮರ್ಯಾದೆ ಬರುತ್ತೆ? ಮದುವೆ ಮಾತುಕತೆಗೆ ಹೋದ್ರೆ ಹುಡುಗ ಡಿಪ್ಲೊಮಾ ಅಂತ ಗೊತ್ತಾದ ಕೂಡ್ಲೇ ಹೆಣ್ಣಿನ ಕಡೆಯೋರ ಮುಖ ಬದಲಾಗುತ್ತೆ. ಎಲ್ಲರಿಗೂ ಮಗ ಡಾಕ್ಟರೋ ಬಾಶ್‌ಮುಹಂದಿಸೋ, ಅಂದ್ರೆ ಇಂಜಿನಿಯರ್ ಸಾಹೇಬನೋ, ಆಗಬೇಕು.

ಇನ್ನೊಂದು ಗುಟ್ಟು ಇದೆ, ಇದು ಟ್ರೈನಿಂಗ್ ಲೈನಲ್ಲಿರೋರಿಗೆ ತಕ್ಷಣ ಅರ್ಥ ಆಗುತ್ತೆ. ತಾಂತ್ರಿಕ ಶಾಲೆ ಅಂದ್ರೆ ಎಲ್ಲಾ ಇಂಡಸ್ಟ್ರಿಯಲ್ ಅಲ್ಲ, ಕಮರ್ಷಿಯಲ್ ಅಂತ ಒಂದು ದೊಡ್ಡ ವಿಭಾಗ ಇದೆ, ಟೈಪಿಂಗ್, ಲೆಕ್ಕಪತ್ರ ಈ ಥರ. ಅದು ಯಾಕೆ ಅಷ್ಟು ಬೆಳೀತು ಅಂದ್ರೆ ಅಗ್ಗ. ಒಂದು ವೆಲ್ಡಿಂಗ್ ಶಾಪ್ ನಡೆಸೋಕೆ ಮೆಷಿನ್ನು, ಎಲೆಕ್ಟ್ರೋಡು, ಪ್ಲೇಟು, ಕರೆಂಟು ಬೇಕು, ಒಬ್ಬ ಮೇಷ್ಟ್ರು ಹದಿನೈದು ಹುಡುಗರಿಗಿಂತ ಜಾಸ್ತಿ ನೋಡೋಕಾಗಲ್ಲ. ಕಮರ್ಷಿಯಲ್ ಕ್ಲಾಸಿಗೆ ಬ್ಲ್ಯಾಕ್‌ಬೋರ್ಡ್, ಚಾಕ್ ಪೀಸು, ಅರವತ್ತು ಕುರ್ಚಿ. ಲಕ್ಷಾಂತರ ಹೆಣ್ಣುಮಕ್ಕಳು ಇದೇ ಕೋರ್ಸಿಗೆ ಹೋದ್ರು, ಆಚೆ ಬಂದ್ಮೇಲೆ ಅದಕ್ಕೆ ಕೆಲಸ ಎಲ್ಲಿದೆ?

ಹಾಗಾದ್ರೆ ಈಜಿಪ್ಟಲ್ಲಿ ಕಾರು ರಿಪೇರಿ ಯಾರು ಮಾಡ್ತಾರೆ? ಕೈರೋದಲ್ಲಿ ಹರಫಿಯ್ಯೀನ್ ಅಂತ ಒಂದು ಏರಿಯಾ ಇದೆ, ಗ್ಯಾರೇಜ್ ಮೇಲೆ ಗ್ಯಾರೇಜ್. ಅಲ್ಲಿ ಎಣ್ಣೆ ಬಟ್ಟೆ ಹಾಕ್ಕೊಂಡು ಪಾನಾ ಎತ್ತಿಕೊಡೋ ಚಿಕ್ಕ ಹುಡುಗನನ್ನ ಬಿಲ್ಯಾ ಅಂತ ಕರೀತಾರೆ, ನಮ್ಮ ಗ್ಯಾರೇಜಿನ ಛೋಟು ಇದ್ದ ಹಾಗೆ. ಈ ಬಿಲ್ಯಾನೇ ಮುಂದೆ ಉಸ್ತಾ, ಅಂದ್ರೆ ಕಸುಬಿನ ಮೇಸ್ತ್ರಿ, ಆಗೋದು. ದಮಿಯಾತ್ ಊರು ಫರ್ನಿಚರಿಗೆ ಹೆಸರುವಾಸಿ, ಸಾವಿರಾರು ಸಣ್ಣ ಸಣ್ಣ ಬಡಗಿ ಅಂಗಡಿಗಳು, ಕಲಿತದ್ದೆಲ್ಲ ಅಪ್ಪನ ಹತ್ರ, ಮಾವನ ಹತ್ರ. ಅಂದ್ರೆ ದೇಶದ ನಿಜವಾದ ಕೈಗಾರಿಕಾ ಶಿಕ್ಷಣ ಸರ್ಟಿಫಿಕೇಟ್ ಇಲ್ಲದೆ ಬೀದೀಲಿ ನಡೀತಿದೆ, ಸರ್ಟಿಫಿಕೇಟ್ ಕೊಡೋ ಕಡೆ ಕಲಿಕೆ ನಡೀತಿಲ್ಲ. ಇದರಲ್ಲಿ ಮೋಹ ಪಡೋಕೇನೂ ಇಲ್ಲ, ಹತ್ತು ವರ್ಷದ ಮಗು ಶಾಲೆ ಬಿಟ್ಟು ಬ್ಯಾಟರಿ ಆ್ಯಸಿಡ್ ಜೊತೆ ಆಡೋದು ಶಿಕ್ಷಣ ಪದ್ಧತಿ ಅಲ್ಲ. ಆದ್ರೆ ಅಲ್ಲಿ ಕಲಿತೋನಿಗೆ ಮಾರನೇ ದಿನ ಕೆಲಸ ಇದೆ, ಅದನ್ನೂ ಒಪ್ಕೋಬೇಕು.

ಇದನ್ನ ಸರಿ ಮಾಡೋಕೆ ಜರ್ಮನ್ನರು ಬಂದ್ರು. 1991ರಲ್ಲಿ ಈಜಿಪ್ಟ್ ಅಧ್ಯಕ್ಷ ಮುಬಾರಕ್ ಮತ್ತೆ ಜರ್ಮನಿಯ ಚಾನ್ಸಲರ್ ಕೋಲ್ ಸೇರಿ ಒಂದು ಯೋಜನೆ ಒಪ್ಕೊಂಡ್ರು, ವಾರಕ್ಕೆ ಎರಡು ದಿನ ಶಾಲೆ, ನಾಲ್ಕು ದಿನ ಫ್ಯಾಕ್ಟರಿ, ಕೈರೋ ಹೊರಗಿನ ಟೆಂತ್ ಆಫ್ ರಮದಾನ್ ಅನ್ನೋ ಕೈಗಾರಿಕಾ ನಗರದಲ್ಲಿ ಶುರು. ಹೋದ ಹುಡುಗರು ಚೆನ್ನಾಗೇ ತಯಾರಾದ್ರು. ಆದ್ರೆ ಒಟ್ಟು ತಾಂತ್ರಿಕ ವಿದ್ಯಾರ್ಥಿಗಳ ಸಂಖ್ಯೆ ಮುಂದೆ ಅದು ಸಮುದ್ರಕ್ಕೆ ಒಂದು ಚೊಂಬು ನೀರು. ಜರ್ಮನೀಲಿ ಇದು ನಡೆಯೋದು ಯಾಕಂದ್ರೆ ಅಲ್ಲಿ ಹುಡುಗನನ್ನ ಕಲಿಸೋ ಖರ್ಚು ಹೊರೋಕೆ ಸಾವಿರಾರು ಮಧ್ಯಮ ಗಾತ್ರದ ಕಂಪನಿಗಳಿವೆ, ಈಜಿಪ್ಟಲ್ಲಿ ಒಂದು ಕಡೆ ಸರ್ಕಾರಿ ದೈತ್ಯ, ಇನ್ನೊಂದು ಕಡೆ ಇಬ್ಬರು ಮೂವರ ಅಂಗಡಿ, ನಡುವೆ ಖಾಲಿ. ಪದ್ಧತಿ ತರಬಹುದು, ಆ ಕಂಪನಿಗಳನ್ನ ಹಡಗಲ್ಲಿ ಹಾಕ್ಕೊಂಡು ಬರೋಕಾಗಲ್ಲ. 2018ರಿಂದ ಅಪ್ಲೈಡ್ ಟೆಕ್ನಾಲಜಿ ಸ್ಕೂಲ್ ಅಂತ ಹೊಸದು ಬಂದಿದೆ, ಕಂಪನಿ ಜೊತೆ ಸೇರಿ ನಡೆಸೋದು, ಅದಕ್ಕೆ ಮಾರ್ಕ್ಸ್ ಬೇಕು, ಇಂಟರ್‌ವ್ಯೂ ಇದೆ. ಸೇರೋಕೆ ಪೈಪೋಟಿ ಶುರುವಾಗಿದೆ ಅನ್ನೋದೇ ನಂಗೆ ಅದರಲ್ಲಿ ಮುಖ್ಯ ಅನ್ಸೋದು.

ಈಗ ಸೌದಿ. 1933ರಲ್ಲಿ ಅಮೆರಿಕನ್ ಕಂಪನಿಗೆ, ಮುಂದೆ ಅರಾಮ್ಕೋ ಅಂತ ಹೆಸರಾದ್ದಕ್ಕೆ, ಎಣ್ಣೆ ಹುಡುಕೋಕೆ ಪರವಾನಗಿ ಸಿಕ್ತು, 1938ರಲ್ಲಿ ದಮ್ಮಾಮ್‌ನ ಏಳನೇ ಬಾವೀಲಿ ಲಾಭಕ್ಕೆ ಸಾಕಾಗುವಷ್ಟು ಎಣ್ಣೆ ಬಂತು. ಕೆಲಸಕ್ಕೆ ಬಂದೋರು ಕತೀಫ್, ಅಲ್‌ಹಸಾ ತೋಟದ ಜನ, ಒಂಟೆ ಕಾಯ್ತಿದ್ದ ಬೆದೂಯಿನರು, ಓದು ಬರಹ ಗೊತ್ತಿಲ್ಲ, ಇಂಗ್ಲಿಷ್ ಕೇಳೇ ಇಲ್ಲ. ನಮ್ಮ ಜಗಲಿ ಮಾತಿನ ಪ್ರಕಾರ ಇವರು ಏನೂ ಕಲೀಬಾರದಿತ್ತು. ಆದ್ರೆ ಇವರೇ ಡ್ರಿಲ್ಲರ್ ಆದ್ರು, ವೆಲ್ಡರ್ ಆದ್ರು, ರಿಫೈನರಿ ಆಪರೇಟರ್ ಆದ್ರು. ಕಂಪನಿ ಕೆಲಸದ ಹೊತ್ತಲ್ಲೇ, ಸಂಬಳ ಕೊಟ್ಟೇ ಕಲಿಸ್ತು. ಧಹ್ರಾನ್‌ನಲ್ಲಿ ಜಬಲ್ ಸ್ಕೂಲ್ ಅಂತ ಇತ್ತು, ಇಂಗ್ಲಿಷು, ಲೆಕ್ಕ. ಅಲ್ಲಿ ಓದಿದ ಒಬ್ಬ ಹುಡುಗ ಅಲಿ ಅಲ್‌ನುಐಮಿ, 1947ರಲ್ಲಿ ಆಫೀಸ್ ಬಾಯ್ ಆಗಿ ಸೇರಿದೋರು. ಕಂಪನಿ ಖರ್ಚಲ್ಲೇ ಅಮೆರಿಕಕ್ಕೆ ಹೋಗಿ ಭೂಗರ್ಭಶಾಸ್ತ್ರ ಓದಿದ್ರು, 1984ರಲ್ಲಿ ಅರಾಮ್ಕೋಗೆ ಮೊದಲ ಸೌದಿ ಅಧ್ಯಕ್ಷ, 1995ರಿಂದ 2016ರವರೆಗೆ ದೇಶದ ಎಣ್ಣೆ ಮಂತ್ರಿ.

ಇಷ್ಟು ಕೇಳಿ ಕಂಪನಿ ದೇವರಂಥದ್ದು ಅಂತ ತಿಳ್ಕೋಬೇಡಿ. ಅಮೆರಿಕನ್ನರಿಗೆ ಬೇಲಿ ಹಾಕಿದ ಕ್ಯಾಂಪಲ್ಲಿ ಹುಲ್ಲುಹಾಸಿನ ಮನೆ, ಸೌದಿಗಳಿಗೆ ಖರ್ಜೂರದ ಗರಿಯ ಗುಡಿಸಲು. 1945ರಲ್ಲಿ ಮುಷ್ಕರ, 1953ರಲ್ಲಿ ಇನ್ನೂ ದೊಡ್ಡ ಮುಷ್ಕರ, 1956ರಲ್ಲಿ ಮತ್ತೆ. ಟ್ರೈನಿಂಗು, ಶಾಲೆ, ಮನೆ ಸಾಲ ಇವೆಲ್ಲ ಜೋರಾಗಿದ್ದು ಆ 1953ರ ಮುಷ್ಕರ ಆದ್ಮೇಲೆ. ಕಂಪನಿಯ ಚಂದದ ಬ್ರೋಷರಲ್ಲಿ ಮುಷ್ಕರದ ಫೋಟೋ ಇರಲ್ಲ ಅಷ್ಟೇ. ಆದ್ರೂ ಕಲಿತ ಕೈಗೆ ಮುಂದಿನ ಮೆಟ್ಟಿಲು ಕಾಣ್ತಿತ್ತು, ವೆಲ್ಡರ್ ಆದ್ರೆ ಫೋರ್‌ಮನ್, ಫೋರ್‌ಮನ್ ಆದ್ರೆ ಸೂಪರಿಂಟೆಂಡೆಂಟ್, ಸಂಬಳವೂ ಜೊತೇಲೇ ಹತ್ತುತ್ತೆ.

ಮತ್ತೆ ಎಲ್ಲಿ ಕೆಡ್ತು? 1973ರಲ್ಲಿ ಎಣ್ಣೆ ಬೆಲೆ ನಾಲ್ಕು ಪಟ್ಟು ಏರಿತು. ಒಂದೇ ಸಲ ರಸ್ತೆ, ಬಂದರು, ಆಸ್ಪತ್ರೆ, 1975ರಲ್ಲಿ ಜುಬೈಲ್ ಮತ್ತೆ ಯಾಂಬು ಅನ್ನೋ ಎರಡು ಕೈಗಾರಿಕಾ ಊರು ಕಟ್ಟೋಕೆ ರಾಯಲ್ ಕಮಿಷನ್. ಜನ ಬೇಕು, ಈಗಲೇ ಬೇಕು. ಹುಡುಗರನ್ನ ಮೂರು ವರ್ಷ ಕಲಿಸೋ ತಾಳ್ಮೆ ಯಾರಿಗಿದೆ, ಬಾಂಬೆಗೆ ಒಂದು ಟೆಲೆಕ್ಸ್ ಕಳಿಸಿದ್ರೆ ಮುಂದಿನ ತಿಂಗಳು ಇನ್ನೂರು ಫಿಟ್ಟರ್ ಇಳೀತಾರೆ. ಇಲ್ಲಿ ಬರ್ತೀವಿ ನಾವು. ಇಲ್ಲಿನ ಐಟಿಐ, ಕೇರಳದ ಐಟಿಐ ಮುಗಿಸಿದ ಹುಡುಗ ಮುಂಬೈಗೆ ಹೋಗಿ ಟ್ರೇಡ್ ಟೆಸ್ಟ್ ಕೊಡ್ತಿದ್ದ, ಪೈಪನ್ನ ನಲವತ್ತೈದು ಡಿಗ್ರಿ ಓರೆಗೆ ನಿಲ್ಲಿಸಿ ಸುತ್ತ ವೆಲ್ಡ್ ಹೊಡಿ ಅಂತಾರೆ, ಅದೇ ಸಿಕ್ಸ್-ಜಿ, ಆಮೇಲೆ ಎಕ್ಸ್‌ರೇ. ಪಾಸಾದ್ರೆ ವೀಸಾ. ಜುಬೈಲಿಗೆ ಹೋಗಿ ನೋಡಿ, ತುಳು, ಬ್ಯಾರಿ, ಕೊಂಕಣಿ ಮಾತು ಕೇಳ್ದೆ ಒಂದು ಪ್ಲಾಂಟ್ ದಾಟೋಕಾಗಲ್ಲ.

ಈಗ ಆ ದೇಶದ ಹುಡುಗನ ಜಾಗದಲ್ಲಿ ನಿಂತು ಯೋಚ್ನೆ ಮಾಡಿ. ಅವನು ವೆಲ್ಡಿಂಗ್ ಕಲಿತ. ಖಾಸಗಿ ಕಾಂಟ್ರ್ಯಾಕ್ಟರ್ ವೆಲ್ಡರಿಗೆ ಕೊಡೋ ಸಂಬಳ ಯಾರ ಮೇಲೆ ನಿಗದಿ ಆಗಿದೆ? ಹೆಂಡತಿ ಮಕ್ಕಳನ್ನ ಬಂಟ್ವಾಳದಲ್ಲಿ ಬಿಟ್ಟು, ಒಂದು ರೂಮಲ್ಲಿ ಎಂಟು ಜನ ಮಲಗಿ, ವಾರಕ್ಕೆ ಆರು ದಿನ ಬಿಸಿಲಲ್ಲಿ ದುಡಿಯೋನ ಮೇಲೆ. ಕಫೀಲ್, ಅಂದ್ರೆ ವೀಸಾಗೆ ಹೊಣೆಯಾದ ಅಲ್ಲಿನ ಧಣಿ, ಅವನ ಒಪ್ಪಿಗೆ ಇಲ್ದೆ ಅವನು ಕಂಪನಿ ಬದಲಾಯಿಸೋ ಹಾಗೂ ಇರಲಿಲ್ಲ, ಸಂಬಳಕ್ಕೆ ಜಗಳ ಆಡೋಕಾಗಲ್ಲ. ಆ ಸಂಬಳದಲ್ಲಿ ಬಂಟ್ವಾಳದಲ್ಲಿ ಮನೆ ಕಟ್ಟಬಹುದು, ದಮ್ಮಾಮ್‌ನಲ್ಲಿ ಸಂಸಾರ ನಡೆಸೋಕಾಗಲ್ಲ. ಇನ್ನೊಂದು ಕಡೆ ಸರ್ಕಾರ ತನ್ನ ಪ್ರಜೆಗೆ ಅದರ ಎರಡು ಮೂರು ಪಟ್ಟು ಸಂಬಳ, ಮಧ್ಯಾಹ್ನ ಎರಡಕ್ಕೆ ಮನೆ, ಪೆನ್ಶನ್ನು. ಇಂಥ ಲೆಕ್ಕದಲ್ಲಿ ನಾನಾಗಿದ್ರೂ ಗುಮಾಸ್ತನೇ ಆಗ್ತಿದ್ದೆ, ನೀವೂ ಅಷ್ಟೇ. 1980ರಲ್ಲಿ ತಾಂತ್ರಿಕ ಶಿಕ್ಷಣಕ್ಕೆ ಅಂತಲೇ ದೊಡ್ಡ ಸರ್ಕಾರಿ ಸಂಸ್ಥೆ ಮಾಡಿದ್ರು, ಈಗ ಅದನ್ನ ಟಿವಿಟಿಸಿ ಅಂತಾರೆ, ಕಟ್ಟಡ, ಮೆಷಿನ್ನು ಎಲ್ಲಾ ನಂಬರ್ ಒನ್, ನಮ್ಮ ಐಟಿಐ ಪ್ರಿನ್ಸಿಪಾಲರು ನೋಡಿದ್ರೆ ಅತ್ತುಬಿಡ್ತಾರೆ. ಆದ್ರೆ ಆ ಗೇಟ್ ಆಚೆಗಿನ ಸಂಬಳವನ್ನ ಆ ಸಂಸ್ಥೆ ಏನು ಮಾಡೋಕಾಗುತ್ತೆ.

ಮಾತಿನ ನಡುವೆ ಒಂದು ವಿಷಯ. ಅರಬ್ ನಾಡಿಗೆ ತಾಂತ್ರಿಕ ಕೆಲಸಕ್ಕೆ ಹೋದ ಕನ್ನಡಿಗರು ಅಂದ್ರೆ ನಾವು 1973ರ ನಂತರದೋರನ್ನೇ ನೆನೀತೀವಿ. ಸರ್ ಎಂ. ವಿಶ್ವೇಶ್ವರಯ್ಯನವರು 1906ರಲ್ಲೇ ಏಡನ್‌ಗೆ ಹೋಗಿದ್ರು, ಕುಡಿಯೋ ನೀರು, ಒಳಚರಂಡಿ ವ್ಯವಸ್ಥೆ ನೋಡಿ ಸಲಹೆ ಕೊಡೋಕೆ. ಏಡನ್ ಆಗ ಬಾಂಬೆ ಸರ್ಕಾರದ ಕೈಕೆಳಗಿತ್ತು. ಅದೇ ವಿಶ್ವೇಶ್ವರಯ್ಯನವರು ವಯಸ್ಸಾದ ಮೇಲೆ 1943ರಲ್ಲಿ ಬೆಂಗಳೂರಲ್ಲಿ ಜಯಚಾಮರಾಜೇಂದ್ರ ಆಕ್ಯುಪೇಶನಲ್ ಇನ್‌ಸ್ಟಿಟ್ಯೂಟ್ ಶುರು ಮಾಡಿಸಿದ್ರು, ಈಗಿನ ಎಸ್‌ಜೆ ಪಾಲಿಟೆಕ್ನಿಕ್. ಯುದ್ಧದ ಕಾಲ, ಹಿಂದೂಸ್ತಾನ್ ಏರ್‌ಕ್ರಾಫ್ಟ್ ಆಗಲೇ ಬಂದಿತ್ತು, ಕಲಿತೋರಿಗೆ ಗೇಟಿನ ಹೊರಗೆ ಗಿರಾಕಿ ಕಾಯ್ತಿದ್ದ.

ಪ್ಯಾಲೆಸ್ತೀನಿಯನ್ನರ ಕಥೆ ಇನ್ನೊಂದು ಥರ. 1948ರಲ್ಲಿ ಇಸ್ರೇಲ್ ಹುಟ್ಟಿದಾಗಿನ ಯುದ್ಧದಲ್ಲಿ ಹೊಲ, ಮನೆ ಎಲ್ಲಾ ಹೋಯ್ತು, ಟೆಂಟಲ್ಲಿ ಕೂತೋರಿಗೆ ಹೊತ್ಕೊಂಡು ಹೋಗಬಹುದಾದ ಆಸ್ತಿ ಅಂದ್ರೆ ತಲೆ ಮತ್ತೆ ಕೈಯಲ್ಲಿರೋದು. ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಉನ್‌ರ್ವಾ 1953ರಲ್ಲಿ ಜೆರುಸಲೆಮ್ ಹತ್ರ ಕಲಂದಿಯಾದಲ್ಲಿ ಮೊದಲ ವೃತ್ತಿ ತರಬೇತಿ ಕೇಂದ್ರ ತೆರೀತು, 1962ರಲ್ಲಿ ರಾಮಲ್ಲಾದಲ್ಲಿ ಹೆಣ್ಣುಮಕ್ಕಳಿಗೆ ಅಂತಲೇ ಒಂದು. ಎಲೆಕ್ಟ್ರಿಷಿಯನ್, ಸರ್ವೇಯರ್, ಡ್ರಾಫ್ಟ್ಸ್‌ಮನ್, ಡೀಸೆಲ್ ಮೆಕ್ಯಾನಿಕ್. ಇಲ್ಲಿ ಕಲಿತೋರು ಕುವೈತ್, ಸೌದಿಗೆ ಹೋಗಿ ಆ ದೇಶಗಳನ್ನ ಕಟ್ಟಿದ್ರು, ಕ್ಯಾಂಪಿನಲ್ಲಿದ್ದ ತಂಗಿ ತಮ್ಮಂದಿರ ಫೀಸ್ ಕಟ್ಟಿದ್ರು. ಅದೇ ಅರಬ್ಬರು, ಅದೇ ಭಾಷೆ, ಅದೇ ಧರ್ಮ. ಇಲ್ಲಿ ಕಸುಬಿನ ಶಾಲೆ ಸೇರೋಕೆ ಪೈಪೋಟಿ ಇತ್ತು. ಸಂಸ್ಕೃತಿ ಸಮಸ್ಯೆ ಅನ್ನೋರು ಇದಕ್ಕೆ ಏನು ಹೇಳ್ತಾರೆ?

ಟ್ಯುನೀಶಿಯಾ ಬಗ್ಗೆ ಜಾಸ್ತಿ ಹೇಳಲ್ಲ. 2010ರ ಡಿಸೆಂಬರ್ 17ಕ್ಕೆ ಸಿದಿ ಬುಝಿದ್ ಊರಲ್ಲಿ ಗಾಡಿ ಮೇಲೆ ಹಣ್ಣು ತರಕಾರಿ ಮಾರ್ತಿದ್ದ ಮುಹಮ್ಮದ್ ಬುಅಝಿಝಿ ಮೈಗೆ ಬೆಂಕಿ ಹಚ್ಕೊಂಡಾಗ ಜಗತ್ತಿನ ಪತ್ರಿಕೆಗಳೆಲ್ಲ ಅವನನ್ನ ನಿರುದ್ಯೋಗಿ ಪದವೀಧರ ಅಂತ ಬರೆದ್ವು. ಅವನು ಹೈಸ್ಕೂಲೂ ಮುಗಿಸಿರಲಿಲ್ಲ. ಆದ್ರೆ ಆ ಸುಳ್ಳು ಸುದ್ದಿಯನ್ನ ಟ್ಯುನೀಶಿಯಾದ ಜನ ಒಂದು ಕ್ಷಣದಲ್ಲಿ ನಂಬಿದ್ರು ನೋಡಿ, ಯಾಕಂದ್ರೆ ಪ್ರತಿ ಮನೇಲೂ ಡಿಗ್ರಿ ಹಿಡ್ಕೊಂಡು ಕೂತ ಒಬ್ಬ ಇದ್ದ. ಓದಿದಷ್ಟೂ ಕೆಲಸ ಸಿಗೋದು ಕಷ್ಟ ಆಗ್ತಿದ್ದ ದೇಶ ಅದು.

ಮೊರಾಕೋ ನಂಗೆ ಸ್ವಲ್ಪ ಆಸೆ ಹುಟ್ಟಿಸುತ್ತೆ. 2012ರಲ್ಲಿ ತಾಂಜೀರ್‌ನಲ್ಲಿ ರೆನೋ ಕಾರಿನ ಕಾರ್ಖಾನೆ ಶುರುವಾಯ್ತು. ಸರ್ಕಾರ ಜಾಣತನ ಮಾಡ್ತು, ತರಬೇತಿ ಕೇಂದ್ರ ತನ್ನ ದುಡ್ಡಲ್ಲಿ ಕಟ್ಟಿ, ನಡೆಸೋದನ್ನ ಕಂಪನಿ ಕೈಗೇ ಕೊಟ್ಟಿತು, ಕಾರ್ಖಾನೆ ಬಾಗಿಲು ತೆರೆಯೋ ಮುಂಚೆನೇ ಹುಡುಗರು ಹುಡುಗೀರು ಅಲ್ಲಿ ಕಲೀತಿದ್ರು. ಕಾಸಾಬ್ಲಾಂಕಾ ಏರ್‌ಪೋರ್ಟ್ ಹತ್ರ ನುಆಸೆರ್‌ನಲ್ಲಿ 2011ರಲ್ಲಿ ವಿಮಾನದ ಬಿಡಿಭಾಗ ಮಾಡೋದನ್ನ ಕಲಿಸೋ ಸಂಸ್ಥೆ ಬಂತು, ಅದನ್ನ ನಡೆಸೋದು ಆ ಉದ್ಯಮದವರ ಸಂಘವೇ. ಅಲ್ಲಿ ಕಂಪನಿ ಮೊದಲು ಆರಿಸಿಕೊಳ್ಳುತ್ತೆ, ಆಮೇಲೆ ಕಲಿಕೆ. ತಲೆಕೆಳಗು ಅನ್ಸುತ್ತೆ, ಆದ್ರೆ ಅದೇ ಸರಿ. ಹೆಚ್ಚಿನ ವರ್ಷಗಳಲ್ಲಿ ಈಗ ಫಾಸ್ಫೇಟನ್ನೂ ಹಿಂದೆ ಹಾಕಿ ಕಾರೇ ಆ ದೇಶದ ದೊಡ್ಡ ರಫ್ತು.

ಹುಳುಕೂ ಹೇಳ್ಬೇಕು. ಕಾರಿನೊಳಗಿನ ವೈರ್ ಗೊಂಚಲು ಕಟ್ಟೋ ಕಾರ್ಖಾನೆಗಳಲ್ಲಿ ಸಾವಿರಾರು ಹೆಣ್ಣುಮಕ್ಕಳು ನಿಂತು ಕೆಲಸ ಮಾಡ್ತಾರೆ, ಸಂಬಳ ಕಡಿಮೆ, ಕಲಿಯೋಕೂ ಜಾಸ್ತಿ ಇಲ್ಲ, ನಾಳೆ ಕಂಪನಿ ಇನ್ನೂ ಅಗ್ಗದ ದೇಶ ಹುಡ್ಕೊಂಡು ಹೋದ್ರೆ ಕೈಲಿ ಏನೂ ಉಳಿಯಲ್ಲ. ಇನ್ನೊಂದು ಭಾಷೆ. ಶಾಲೇಲಿ ವಿಜ್ಞಾನ ಅರಬ್ಬೀಲಿ ಓದಿದ ಹುಡುಗ ತಾಂತ್ರಿಕ ಕೋರ್ಸಿಗೆ ಬಂದ್ರೆ ಎಲ್ಲಾ ಫ್ರೆಂಚು. 2019ರಲ್ಲಿ ಕಾನೂನು ತಂದು ಶಾಲೆಯಲ್ಲೂ ವಿಜ್ಞಾನಕ್ಕೆ ಫ್ರೆಂಚ್ ವಾಪಸ್ ತರೋ ದಾರಿ ಮಾಡಿದ್ರು, ದೊಡ್ಡ ಗಲಾಟೆ ಆಯ್ತು. ಮಾತೃಭಾಷೇಲೇ ಕಲಿಸ್ಬೇಕು ಅನ್ನೋನು ನಾನು, ಆದ್ರೆ ಮೆಷಿನ್ನಿನ ಮ್ಯಾನ್ಯುಯಲ್ ಬೇರೆ ಭಾಷೇಲಿ ಇಟ್ಕೊಂಡು ಹುಡುಗನಿಗೆ ಅದರ ಒಂದು ಪುಟವೂ ಓದೋಕೆ ಕಲಿಸದೆ ಹೊರಗೆ ಬಿಡೋದೂ ದ್ರೋಹವೇ.

ಸೌದಿ ಕಡೆ ಈಗ ಏನಾಗ್ತಿದೆ ಅಂತ ಹೇಳಿ ಮುಗಿಸ್ತೀನಿ, ಇದು ಇಲ್ಲಿರೋ ಕಡೇ ವರ್ಷದ ಹುಡುಗರಿಗೆ ನೇರ ಸಂಬಂಧ. 2011ರಲ್ಲಿ ನಿತಾಕಾತ್ ಬಂತು, ಪ್ರತಿ ಕಂಪನೀಲೂ ಇಂತಿಷ್ಟು ಸೌದಿಗಳು ಇರ್ಬೇಕು. ಶುರುವಲ್ಲಿ ಕಂಪನಿಗಳು ಏನು ಮಾಡಿದ್ವು ಅಂದ್ರೆ ಯಾರದೋ ಹೆಸರು ರಿಜಿಸ್ಟರಲ್ಲಿ ಬರೆದು ಚಿಲ್ಲರೆ ಸಂಬಳ ಕೊಟ್ಟು ಮನೇಲೇ ಇರಪ್ಪಾ ಅಂದ್ವು. ಹಾಗೆ ಮನೇಲಿ ಕೂತೋನು ಏನು ಕಲೀತಾನೆ. 2016ರಲ್ಲಿ ಮೊಬೈಲ್ ಅಂಗಡಿಗಳಲ್ಲಿ ಮಾರಾಟ, ರಿಪೇರಿ ಎಲ್ಲಾ ಸೌದಿಗಳಿಗೆ ಮಾತ್ರ ಅಂದ್ರು, ನಮ್ಮ ಕಡೆಯೋರು, ಮಲಯಾಳಿಗಳು ಎಷ್ಟೋ ಜನ ಅಂಗಡಿ ಮುಚ್ಚಿ ಬಂದ್ರು, ಅವರ ಕಷ್ಟ ಕಷ್ಟವೇ. ಆದ್ರೆ ಅದೇ ಟಿವಿಟಿಸಿ ಆಗ ಮೊಬೈಲ್ ರಿಪೇರಿಗೆ ಸಣ್ಣ ಸಣ್ಣ ಕೋರ್ಸ್ ಇಟ್ಟಾಗ ಹುಡುಗರು ಮುಗಿಬಿದ್ರು, ಹುಡುಗೀರೂ ಬಂದ್ರು. ಹಿಂದೆ ಖಾಲಿ ಹೊಡೀತಿದ್ದ ಬೆಂಚುಗಳು ತುಂಬಿದ್ವು, ಯಾಕಂದ್ರೆ ಈ ಸಲ ಕೋರ್ಸ್ ಆಚೆ ಒಂದು ಅಂಗಡಿ ಇತ್ತು. ಹೆಣ್ಣುಮಕ್ಕಳು ಕೆಲಸಕ್ಕೆ ಬರೋ ಪ್ರಮಾಣ ಅಲ್ಲಿ ಈಗ ನೂರಕ್ಕೆ 30 ದಾಟಿದೆ, ಹತ್ತು ವರ್ಷದ ಹಿಂದೆ ಇದನ್ನ ಹೇಳಿದ್ರೆ ಯಾರೂ ನಂಬ್ತಿರಲಿಲ್ಲ.

ಸಂಬಳದ ಚೀಟಿಗೂ ಈಗ ಕೈ ಹಾಕಿದ್ದಾರೆ. 2021ರಿಂದ ತಿಂಗಳಿಗೆ 4000 ರಿಯಾಲ್ ಕೊಟ್ರೆ ಮಾತ್ರ ಒಬ್ಬ ಸೌದಿ ಕೋಟಾದಲ್ಲಿ ಪೂರ್ತಿ ಒಂದು ಲೆಕ್ಕ, 3000 ಕೊಟ್ರೆ ಅರ್ಧ. ಇನ್ನೊಂದು ಕಡೆಯಿಂದ ವಿದೇಶಿ ಕೆಲಸಗಾರನ ಮೇಲೆ ಕಂಪನಿ ಕಟ್ಟೋ ಲೆವಿ ಏರಿಸಿದ್ರು, 2020ಕ್ಕೆ ವಿದೇಶಿಗಳೇ ಜಾಸ್ತಿ ಇರೋ ಕಂಪನಿಗೆ ತಲೆಗೆ ತಿಂಗಳಿಗೆ 800 ರಿಯಾಲ್, ಕಾರ್ಖಾನೆಗಳಿಗೆ ಮಾತ್ರ ಆಮೇಲೆ ವಿನಾಯ್ತಿ. ಜೊತೆಗೆ ಇರೋ ಹೆಂಡತಿ ಮಕ್ಕಳಿಗೆ ಬೇರೆ ಲೆವಿ, ಅದು 2017ರಲ್ಲಿ ಶುರುವಾದಾಗ ಜುಬೈಲಿಂದ, ದಮ್ಮಾಮಿಂದ ಎಷ್ಟು ಸಂಸಾರ ಮಂಗಳೂರಿಗೆ ವಾಪಸ್ ಬಂತು ಅಂತ ನಿಮಗೇ ಗೊತ್ತು. ಇವೆಲ್ಲದರ ಒಟ್ಟು ಅರ್ಥ, ಸೌದಿ ವೆಲ್ಡರಿಗೂ ನಮ್ಮ ವೆಲ್ಡರಿಗೂ ಕಂಪನಿಗೆ ಬೀಳೋ ಖರ್ಚಿನ ಅಂತರ ಕಡಿಮೆ ಆಗ್ತಾ ಇದೆ. ಬೇಕಂತಲೇ ಕಡಿಮೆ ಮಾಡ್ತಿದ್ದಾರೆ.

ಹಾಗಾದ್ರೆ ನಾವು ಹೋಗೋದಾ ಬೇಡ್ವಾ ಸರ್ ಅಂತ ಈಗಷ್ಟೇ ಮುಂದಿನ ಬೆಂಚಿನ ಹುಡುಗ ಕೇಳಿದ. ಅಂಗಡಿ, ಆಫೀಸು, ಡ್ರೈವರ್ ಅಂತ ಹೋಗೋದಾದ್ರೆ ನಾನು ಬೇಡ ಅಂತೀನಿ, ಆ ಬಾಗಿಲು ಒಂದೊಂದಾಗಿ ಮುಚ್ತಾ ಇದೆ. ಒಳ್ಳೇ ಸಿಕ್ಸ್-ಜಿ ವೆಲ್ಡರ್, ಇನ್‌ಸ್ಟ್ರುಮೆಂಟ್ ಟೆಕ್ನಿಷಿಯನ್, ಶಟ್‌ಡೌನ್ ಕೆಲಸ, ಅಂದ್ರೆ ಪ್ಲಾಂಟ್ ನಿಲ್ಲಿಸಿ ಮಾಡೋ ರಿಪೇರಿ, ಗೊತ್ತಿರೋ ಫಿಟ್ಟರ್ ಆದ್ರೆ ಇನ್ನೂ ಕರೀತಾರೆ. ಆದ್ರೆ ಈಗ ಸೌದಿ ವೀಸಾಗೆ ಮುಂಚೆ ಎಷ್ಟೋ ಟ್ರೇಡಿಗೆ ಇಲ್ಲೇ ಇಂಡಿಯಾದಲ್ಲೇ ಸ್ಕಿಲ್ ಟೆಸ್ಟ್ ಪಾಸ್ ಮಾಡ್ಬೇಕು, ಏಜೆಂಟಿಗೆ ದುಡ್ಡು ಕೊಟ್ಟು ಸುಳ್ಳು ಎಕ್ಸ್‌ಪೀರಿಯನ್ಸ್ ಸರ್ಟಿಫಿಕೇಟ್ ತರೋ ಕಾಲ ಹೋಗ್ತಾ ಇದೆ. ಥಿಯರಿ ಕಂಪ್ಯೂಟರಲ್ಲಿ, ಪ್ರಾಕ್ಟಿಕಲ್ ಎದುರಿಗೆ ನಿಂತು. ಆದ್ರಿಂದ ಹೋಗೋ ಯೋಚ್ನೆ ಇರೋರು ಏಜೆಂಟ್ ಹತ್ರ ಹೋಗೋ ಮುಂಚೆ ವರ್ಕ್‌ಶಾಪಲ್ಲಿ ಪೈಪ್ ತುಂಡು ಕೇಳಿ ಇಸ್ಕೊಂಡು ಅಭ್ಯಾಸ ಮಾಡಿ, ನಿಮ್ಮ ಮೇಷ್ಟ್ರು ಕೊಡಲ್ಲ ಅಂದ್ರೆ ನನ್ನ ಹೆಸರು ಹೇಳಿ.